ಕೈಗೆಟುಕದ ಕಿಟಕಿ

ಭಾನುವಾರ ಮಧ್ಯಾಹ್ನ ಮೀರಿಮಳ ಬಟ್ಟಲಿಗೆ ಇನ್ನಷ್ಟು ಲಗ್ಮಾನ್ ಶಾವಿಗೆ ಸುರಿಯುತ್ತ ದೊಡ್ಡಮ್ಮ ಗುಲ್ಬಾರಾ ಮಾತು ತೆಗೆದಳು.

"ಆರ್ಕಿಟೆಕ್ಟಮ್ಮೋರಿಗೆ ಈಗ ಸಂಬಳ ಎಷ್ಟು?"

"ಇಪ್ಪತ್ತೈದು ಸಾವಿರ ಸೋಮ್, ಎಜೆ." ದೊಡ್ಡಮ್ಮನನ್ನು ಮೀರಿಮ್ ಕರೆಯುತ್ತಿದ್ದುದೇ ಹಾಗೆ.

"ನಮ್ಮಂಗಡೀಲಿ ಬೀರು ಹೊರೋನಿಗೇ ನಲವತ್ತು! ಬಾರೇ, ಅಡುಗೆಮನೆ ಕಪಾಟಿನ ನಕ್ಷೆ ಬರ್ಕೊಡು, ಅರವತ್ತು ಕೊಡ್ತೀನಿ. ನಾಳೆ ಸಂಜೆಯೊಳಗೆ ಹೇಳು. ಇಲ್ಲಾಂದ್ರೆ ಬೇರೆ ಹುಡುಗಿ ಕಾದಿದಾಳೆ."

ಯೋಚಿಸ್ತೀನಿ ಎಂಬಂತೆ ಮೀರಿಮ್ ತಲೆಯಾಡಿಸಿದಳು. ಐದು ವರ್ಷ ಓದಿ, ಎರಡು ವರ್ಷ ದುಡಿದವಳಿಗೆ ಆ ಮಾತು ಚುಚ್ಚಬೇಕಿತ್ತು. ಚುಚ್ಚಲಿಲ್ಲ. ಒಪ್ಪಿಬಿಡೋಣ ಅನ್ನಿಸಿತು, ಅದರಲ್ಲೂ ಸಂತೋಷವಿರಲಿಲ್ಲ.

ಮರುದಿನ ಆಫೀಸಿನವರು ಅವಳನ್ನು ತೊಕ್ಮೊಕ್ ಪಟ್ಟಣದ ಕಡೆಯ ಹಳ್ಳಿಶಾಲೆಯೊಂದಕ್ಕೆ ಕಳಿಸಿದರು. ಅಲ್ಲಿನ ಹೊಸ ಕಟ್ಟಡದ ಮೆಟ್ಟಿಲು, ಕಿಟಕಿಗಳೆಲ್ಲ ಅವಳ ಕೈಯಲ್ಲೇ ಮೂಡಿದ್ದವು. ಕೆಲಸ ಮುಗಿಯಿತೆಂಬ ಕಾಗದಕ್ಕೆ ರುಜು ಹಾಕಿಸಿಕೊಂಡು ಬಂದರೆ ಸಾಕಿತ್ತು.

ಮೆಟ್ಟಿಲ ಬಳಿ ನೆಲ ಒರೆಸುತ್ತಿದ್ದ ಮುದುಕಿ ತಲೆಯೆತ್ತಿ ಮೇಲೆ ತೋರಿಸಿದಳು.

"ಆ ಕಿಟಕಿ ನೋಡಮ್ಮ. ಅದನ್ನ ಒರೆಸೋಕೆ ನಾನೇನು ಹಕ್ಕಿನಾ? ಯಾವ ಮಹಾತ್ಮ ಮಾಡಿದ್ನೋ!"

"ನಾನೇ ಮಾಡಿದ್ದು, ಅಜ್ಜಿ."

ಮುದುಕಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀನು ಯಾವತ್ತಾದ್ರೂ ಕಿಟಕಿ ಒರೆಸಿದೀಯಾ?"

ಮೀರಿಮಳಿಗೆ ನಾಚಿಕೆಯೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. ಚೀಲದಿಂದ ಟೇಪು ತೆಗೆದು ಮೆಟ್ಟಿಲು ಹತ್ತಿ ಅಳೆದಳು. ಕೈ ಚಾಚಿದರೂ ಕಿಟಕಿಯ ಅಂಚಿಗೆ ಇನ್ನೂ ಎಂಬತ್ತು ಸೆಂಟಿಮೀಟರ್ ಬಾಕಿ. ಮೆಟ್ಟಿಲ ತಿರುವನ್ನೇ ಎತ್ತರಿಸಬಹುದಿತ್ತೇ? ಕಿಟಕಿಯನ್ನು ಉದ್ದಕ್ಕೆ ಇಳಿಸಬಹುದಿತ್ತೇ? ರುಜುವಾದ ಕಾಗದದ ಬೆನ್ನ ಮೇಲೆ ಗೀಚುತ್ತ ಕುಳಿತಳು. ಬಿಷ್ಕೆಕ್ಕಿಗೆ ಹೋಗುವ ಎರಡು ವ್ಯಾನು ಹೊರಟುಹೋದವು. ಮುದುಕಿ ಬಕೆಟ್ಟು ಎತ್ತಿಕೊಂಡು ಒಳಗೆ ಹೋಗಿದ್ದೂ ಅವಳಿಗೆ ತಿಳಿಯಲಿಲ್ಲ.

ಬಿಷ್ಕೆಕ್ಕಿಗೆ ಮರಳುವ ವ್ಯಾನಿನಲ್ಲಿದ್ದಾಗ ದೊಡ್ಡಮ್ಮನ ಫೋನು ಬಂತು.

"ಏನು ತೀರ್ಮಾನ ಮಾಡ್ದೆ?"

"ಬರಲ್ಲ, ಎಜೆ."

ಹೇಳಿದ ಮೇಲೇ ಅದು ತನ್ನ ಉತ್ತರವೆಂದು ಮೀರಿಮಳಿಗೆ ಗೊತ್ತಾದದ್ದು.

"ಯಾಕೇ?"

"ಒಂದು ಕಿಟಕಿ ತಪ್ಪು ಮಾಡ್ಬಿಟ್ಟಿದೀನಿ."

"ಅದಕ್ಕೆ? ಅಲ್ಲೂ ತಪ್ಪು ಮಾಡ್ಕೊಂಡು, ಇಲ್ಲೂ ಉಪವಾಸ ಇರ್ತೀಯಾ? ಅಷ್ಟು ಓದಿ ಬುದ್ಧಿ ಮಣ್ಣಾಯ್ತಲ್ಲೇ ನಿಂದು!"

"ಆಯ್ತೇನೋ, ಎಜೆ."

ದೊಡ್ಡಮ್ಮ ಬೈದು ಫೋನಿಟ್ಟಳು. ಗೆದ್ದೆನೆಂದಾಗಲಿ ಕೆಟ್ಟೆನೆಂದಾಗಲಿ ಮೀರಿಮಳಿಗೆ ಅನ್ನಿಸಲಿಲ್ಲ. ಪಕ್ಕದ ಹೆಂಗಸು ಮಡಿಲಿನ ಚೀಲ ಸರಿಸಿ ಜಾಗ ಕೊಟ್ಟಳು. ಮೀರಿಮ್ ಕಾಲು ಚಾಚಿ, ಕಾಗದ ತೆರೆದು, ಕಿಟಕಿಯ ಅಳತೆಯನ್ನು ಮತ್ತೊಮ್ಮೆ ಲೆಕ್ಕ ಹಾಕಿದಳು.