ಒತ್ತಬೇಕಂತೆ, ಬಿಡಬೇಕಂತೆ

ಆ ಮನೆಯಲ್ಲಿ ಗಂಡ ಹೆಂಡತಿಯ ನಡುವೆ ಮಾತು ನಿಂತು ಒಂಬತ್ತು ದಿನವಾಗಿತ್ತು. ಸರಿಯಾಗಿ ನಿಲ್ಲದೆ ಇದ್ದದ್ದು ಪಿಕಪ್ ಗಾಡಿ ಮಾತ್ರ. ಜಗಳ ಹುಟ್ಟಿದ್ದೂ ಅದರಿಂದಲೇ.

ಹೆಂಡತಿಯದು ಕನ್ನಡಿ ಅಂಗಡಿ. ಗಾಜು ಕೊಯ್ಯುವವಳೂ ಅವಳೇ, ಚೌಕಟ್ಟು ಕೂರಿಸುವವಳೂ ಅವಳೇ, ಪಿಕಪ್ಪಿನಲ್ಲಿ ಹೇರಿಕೊಂಡು ಗಿರಾಕಿಗೆ ಮುಟ್ಟಿಸುವವಳೂ ಅವಳೇ. ಗಂಡ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಎಂಥ ಯಂತ್ರವಾದರೂ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ. ಹೆಂಡತಿಯ ಸದ್ದು ಮಾತ್ರ ಆ ಕಿವಿಗೆ ಬೀಳುತ್ತಿರಲಿಲ್ಲ. ಬ್ರೇಕ್ ಪೆಡಲ್ ಯಾಕೋ ಮೆತ್ತಗಾಗಿದೆ ಎಂದು ಅವಳು ಹೇಳಿದಾಗ ಅವನು ತಟ್ಟೆಯಿಂದ ತಲೆಯನ್ನೇ ಎತ್ತದೆ, ಗಾಡಿ ಸರಿಯಾಗಿದೆ, ಓಡಿಸೋರು ಸರಿಯಾಗಿ ಓಡಿಸಬೇಕು ಎಂದುಬಿಟ್ಟ. ಅವಳು ಅಂದೇ ಮಾತು ಬಿಟ್ಟಳು. ಒಂಬತ್ತನೆಯ ದಿನ ಬೆಳಿಗ್ಗೆ ಗಾಡಿಯೇ ಹೇಳಿತು: ಹಿಂದಿನ ಚಕ್ರದ ಪಕ್ಕ ಬ್ರೇಕ್ ಎಣ್ಣೆ ಮಡುಗಟ್ಟಿತ್ತು.

ಅವನು ಕೆಳಗೆ ತೂರಿ ನೋಡಿದ. ಉದ್ದಕ್ಕೂ ಹೋಗುವ ಉಕ್ಕಿನ ಪೈಪು ತುಕ್ಕು ಹಿಡಿದು ಉಗುರು ತಾಗಿದರೆ ಹಪ್ಪಳದಂತೆ ಏಳುತ್ತಿತ್ತು. ಮರುದಿನ ಹೊತ್ತಾರೆ ಅವಳು ಆಳೆತ್ತರದ ಹದಿನಾಲ್ಕು ಕನ್ನಡಿಗಳನ್ನು ಹೊಸ ನೃತ್ಯಶಾಲೆಗೆ ಸಾಗಿಸಬೇಕಿತ್ತು. ಅಂಗಡಿಯಿಂದ ಎಲ್ಲಿಗೆ ಹೋಗಲೂ ಇರುವುದು ಒಂದೇ ದಾರಿ, ಕಡಿದಾದ ಇಳಿಜಾರು. ಅದು ಮುಗಿಯುವುದು ಜನ ಗಿಜಿಗುಡುವ ನಾಲ್ಕು ದಾರಿ ಕೂಡುವಲ್ಲಿ. ಒಂಬತ್ತು ದಿನ ಅವಳು ಇದೇ ಪೈಪನ್ನು ನಂಬಿ ಆ ಇಳಿಜಾರು ಇಳಿದಿದ್ದಳು ಎಂದು ಹೊಳೆದಾಗ ಅವನಿಗೆ ಗಾಡಿಯಡಿಯಲ್ಲೇ ಬೆವರು ಬಂತು. ಹೊರಬಂದು ಅದನ್ನು ಹೇಳಿದನೇ? ಇಲ್ಲ. ಕಾರ್ಖಾನೆಗೆ ರಜೆ ಹೇಳಿದ.

ತಪ್ಪು ಒಪ್ಪಿಕೊಳ್ಳಲಾರದವನು ಕೆಲಸವನ್ನು ಮಾತ್ರ ತಪ್ಪಿಲ್ಲದೆ ಮಾಡಿದ. ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟ. ಜಾಕಿನಿಂದ ಎತ್ತಿ, ಜಾಕನ್ನು ನಂಬದೆ ಚಾಸಿಯಡಿ ಉಕ್ಕಿನ ಸ್ಟ್ಯಾಂಡ್ ಕೊಟ್ಟು, ಗಾಡಿಯನ್ನು ಎರಡು ಸಲ ಅಲ್ಲಾಡಿಸಿ ನೋಡಿ ಆಮೇಲೆ ಒಳಗೆ ಹೋದ. ತೂತಾದಲ್ಲಿ ರಬ್ಬರ್ ಕೊಳವೆ ಹಾಕಿ ಕ್ಲಿಪ್ ಬಿಗಿದರೆ ಆಯ್ತಲ್ಲ ಎಂದು ಎದುರುಮನೆಯ ಟೈಲರ್ ಸಲಹೆ ಕೊಟ್ಟಾಗ, ತೇಪೆ ಹಾಕೋಕೆ ಇದು ಪ್ಯಾಂಟಲ್ಲ ಎಂದು ಕಳಿಸಿದ. ಹಳೆಯ ಪೈಪನ್ನು ಅಚ್ಚಾಗಿಟ್ಟುಕೊಂಡು ಹೊಸದನ್ನು ಬಾಗಿಸಿದ, ತುದಿ ಅರಳಿಸಿದ ಮೇಲೆ ತೂರದೆಂದು ನಟ್ಟನ್ನು ಮೊದಲೇ ತೂರಿಸಿದ, ಬಿಸಿಯಾಗುವ ಸೈಲೆನ್ಸರ್ ಕೊಳವೆಯಿಂದ ದೂರವಿಟ್ಟು ಕ್ಲಿಪ್ ಹಾಕಿದ. ಉಳಿದದ್ದು ಒಂದೇ ಕೆಲಸ, ಪೈಪಿನೊಳಗೆ ಸೇರಿದ ಗಾಳಿ ತೆಗೆಯುವುದು. ಅದಕ್ಕೆ ಇಬ್ಬರು ಬೇಕು: ಒಬ್ಬರು ಮೇಲೆ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕೆಳಗೆ ತಿರುಪು ತೆರೆದು ಗಾಳಿ ಬಿಟ್ಟು ಮುಚ್ಚಬೇಕು. ಮುಚ್ಚುವ ಮೊದಲೇ ಕಾಲೆತ್ತಿದರೆ ಹೋದ ಗಾಳಿ ವಾಪಸ್ ಬರುತ್ತದೆ. ಅಂದರೆ ಇಬ್ಬರೂ ಮಾತಾಡಬೇಕು.

ಅದಕ್ಕೆ ಅವನ ಅಮ್ಮ ಇದ್ದಳು. ಒಂಬತ್ತು ದಿನದಿಂದ ಆ ಮನೆಯ ವಾರ್ತಾ ಇಲಾಖೆ ಅವಳೇ. ಸಾರಿಗೆ ಉಪ್ಪು ಜಾಸ್ತಿ ಎಂದು ಮಗ ಗೊಣಗಿದರೆ, ಸಾರು ಬಾಯಿಗೆ ಹಿಡಿಸ್ತಂತೆ ಎಂದು ಸೊಸೆಗೆ ಮುಟ್ಟಿಸುತ್ತಿದ್ದಳು. ಈಗ ಗಾಡಿಯ ಬಾಗಿಲ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಳು. ಸೊಸೆ ಕಿಟಕಿಯ ಗಾಜು ಏರಿಸಿಕೊಂಡು, ಅತ್ತೆಯ ಕಡೆಗೆ ಒಂದು ಸಂದು ಬಿಟ್ಟು, ಒಳಗೆ ಕೂತಳು.

"ಒತ್ತೋಕೆ ಹೇಳಮ್ಮ," ಎಂದ ಮಗ.

"ಒತ್ತಬೇಕಂತೆ ಕಣಮ್ಮ. ಪಾಪ, ಕೆಳಗೆ ಬೆನ್ನು ನೋಯ್ತಿರಬೇಕು."

"ಹಾಗೇ ಹಿಡ್ಕೊಂಡಿರಲಿ, ಕಾಲು ಗೀಲು ಎತ್ತಿದ್ರೆ ನೋಡು ಮತ್ತೆ."

ಇದನ್ನು ಇದ್ದ ಹಾಗೆ ಹೇಳುವುದು ಹೇಗೆ? ಅಮ್ಮ ಕ್ಷಣ ಯೋಚಿಸಿದಳು. "ಕಾಲು ನೋಯಿಸ್ಕೋಬೇಡ ಅಂತಾನೆ ಕಣಮ್ಮ."

ಸೊಸೆ ಕಾಲೆತ್ತಿದಳು. ತೆರೆದ ತಿರುಪು ಗುಟುಕ್ ಎಂದು ಗಾಳಿ ಕುಡಿಯಿತು.

ಹೀಗೇ ಒಂದೂವರೆ ತಾಸು. ಎಣ್ಣೆಯ ಡಬ್ಬಿ ಎರಡು ಬೆರಳಿಗೆ ಇಳಿಯಿತು, ಗುಳ್ಳೆ ಮಾತ್ರ ಮುಗಿಯಲಿಲ್ಲ. ಮಗ ತೆವಳಿ ಹೊರಬಂದು, ಇವಳು ಬೇಕಂತಲೇ ಕಾಲು ಬಿಡ್ತಾಳಾ ಅಂತ ಕೇಳಮ್ಮ ಎಂದ. ಸೊಸೆ ಗಾಜು ಇಳಿಸಿ, ಹೇಳಿದಷ್ಟೇ ಮಾಡ್ತಿದೀನಿ ಅನ್ನಿ ಅತ್ತೆ ಎಂದಳು. ಏನು ಹೇಳಿದ್ದು ಎಂದು ವಿಚಾರಣೆಯಾಯಿತು. ಅಮ್ಮ ಸೆರಗು ಸರಿಪಡಿಸಿಕೊಂಡಳು.

"ನಿಮ್ಮಿಬ್ಬರ ಮಾತನ್ನ ಇದ್ದ ಹಾಗೆ ಮುಟ್ಟಿಸಿದ್ರೆ ಈ ಮನೇಲಿ ಒಬ್ಬರೂ ಉಳೀತಿರಲಿಲ್ಲ ಕಣ್ರೋ," ಎಂದು ಸ್ಟೂಲ್ ಎತ್ತಿಕೊಂಡು ಒಳಗೆ ಹೋದಳು. ಇಲಾಖೆ ಬಾಗಿಲು ಹಾಕಿತು.

ಉಳಿದವರು ಇಬ್ಬರು, ಮತ್ತು ಎರಡು ಬೆರಳು ಎಣ್ಣೆ. ಅವಳು ಇಳಿದು ಬಾಗಿಲು ತೆರೆದು ಹಿಡಿದಳು. "ಹತ್ತಿ. ನೀವೇ ಒಂದು ಸಲ ಒತ್ತಿ ನೋಡಿ."

ಅವನು ಹತ್ತಿ ಒತ್ತಿದ. ಕಾಲು ಹಾಸಿಗೆಗೆ ಇಳಿದ ಹಾಗೆ ಇಳಿಯಿತು. ಸ್ಟೀರಿಂಗ್ ಹಿಡಿದು ಇನ್ನೊಮ್ಮೆ ಒತ್ತಿದ. ಎದುರುಮನೆಯ ಟೈಲರ್ ಯಂತ್ರ ನಿಲ್ಲಿಸಿ ಕಿವಿ ಕೊಟ್ಟಿದ್ದ.

"ನೀನು ಹೇಳಿದ ದಿನವೇ ನಾನು ಹೀಗೆ ಕೂತು ನೋಡಬೇಕಿತ್ತು," ಎಂದ. "ನೋಡಲಿಲ್ಲ. ತಪ್ಪು ನಂದೇ."

ಅವನು ಇಳಿದ, ಅವಳು ಸೀಟಿಗೆ ಹತ್ತಿದಳು. ಅವನು ಹೊಸ ಡಬ್ಬಿ ತಂದು ಕೆಳಗೆ ಮಲಗಿದ. ಒತ್ತು ಎಂದರೆ ಒತ್ತಿದೆ, ಹಿಡ್ಕೋ ಎಂದರೆ ಹಿಡಿದೆ, ಮುಚ್ಚಿದೆ ಬಿಡು ಎಂದರೆ ಬಿಟ್ಟೆ. ದೂರದ ಚಕ್ರದಿಂದ ಶುರುಮಾಡಿ ಹತ್ತಿರದ ಚಕ್ರಕ್ಕೆ ಬರುವ ಹೊತ್ತಿಗೆ ಆ ದಂಪತಿ ಒಂದು ವರ್ಷದಲ್ಲಿ ಆಡದಷ್ಟು ಮಾತು ಆಡಿ ಮುಗಿಸಿದ್ದರು. ಪೆಡಲ್ ಕಲ್ಲಾಯಿತು. ಅವಳು ಮೈಭಾರವೆಲ್ಲ ಹಾಕಿ ಒತ್ತಿ ಹಿಡಿದಳು. ಅವನು ಒಣ ಕಾಗದದಿಂದ ಒಂದೊಂದೇ ಕೀಲನ್ನು ಒರೆಸಿ ನೋಡಿದ. ಕಾಗದ ಒಣಗಿಯೇ ಇತ್ತು. ಸಂಜೆ ಬರಿಗಾಡಿಯನ್ನು ಸಮತಟ್ಟು ಬೀದಿಯಲ್ಲಿ ಆಮೆಯ ಹಾಗೆ ಓಡಿಸಿ ಹತ್ತು ಸಲ ನಿಲ್ಲಿಸಿದರು.

ಬೆಳಿಗ್ಗೆ ಕಂಬಳಿ ಸುತ್ತಿದ ಹದಿನಾಲ್ಕು ಕನ್ನಡಿ ಹಿಂದೆ, ಕರೆಯದೆ ಹತ್ತಿದ ಗಂಡ ಪಕ್ಕದಲ್ಲಿ. ಇಳಿಜಾರಿನ ಉದ್ದಕ್ಕೂ ಅವನ ಬಲಗಾಲು ಇಲ್ಲದ ಪೆಡಲನ್ನು ಒತ್ತುತ್ತಲೇ ಇತ್ತು. ಕೂಡುದಾರಿಯ ಗೆರೆಯ ಹಿಂದೆ ಗಾಡಿ ಮೆಲ್ಲನೆ ನಿಂತಿತು. ಹಿಂದೆ ಒಂದು ಗಾಜೂ ಸದ್ದು ಮಾಡಲಿಲ್ಲ. ಅವನು ಹೊಗಳಿಕೆಗೆ ಕಾದು ಕೂತ.

"ಬ್ರೇಕ್ ಚೆನ್ನಾಗಿದೆ," ಎಂದಳು ಅವಳು, ದಾರಿ ನೋಡುತ್ತ. "ಕ್ಲಚ್ ಯಾಕೋ ಜಾರ್ತಿದೆ."

ಅವನು ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದು, ಯಾವ ಗೇರಿನಲ್ಲಿ ಎಂದು ಕೇಳಿದ.