ಬುಕಲಾಸದ ಅತ್ತೆಮನೆಗೆ ಡಿಶ್ ಕಟ್ಟಿದ್ದು

ಡಿಶ್ಶನ್ನು ಆಮೆಯ ಚಿಪ್ಪಿನ ಹಾಗೆ ಬೆನ್ನಿಗೆ ಬಿಗಿದುಕೊಂಡು ಮಯಂಬಾಲ ಬಾಡಿಗೆ ಬೈಕಿನಿಂದ ಅತ್ತೆಮನೆಯ ಅಂಗಳದಲ್ಲಿ ಇಳಿದಾಗ ಅವನನ್ನು ಎದುರುಗೊಂಡದ್ದು ಒಂದು ಮೇಕೆ. ಗೂಟಕ್ಕೆ ಕಟ್ಟಿದ್ದ ಮೇಕೆ ಮರಗೆಣಸಿನ ಸಿಪ್ಪೆ ಮೆಲ್ಲುತ್ತ ಇವನನ್ನು ಒಮ್ಮೆ ನೋಡಿ, ಇದರಲ್ಲಿ ತಿನ್ನುವಂಥದ್ದೇನೂ ಇಲ್ಲವೆಂದು ಮುಖ ತಿರುಗಿಸಿತು. ಬೇರೆ ನರಪಿಳ್ಳೆಯಿಲ್ಲ. ಒಣಗಲು ಹರಡಿದ ಕಾಫಿಬೀಜವನ್ನು ಕಾಯುವವರೂ ಇಲ್ಲ.

"ಯಾರೂ ಇರಲ್ಲ ಸ್ವಾಮಿ," ಎಂದ ಬೈಕಿನವನು, ಗಾಡಿ ತಿರುಗಿಸುತ್ತ. "ಗುಡ್ಡದಾಚೆ ಮಣ್ಣು ಕೊಡೋಕೆ ಇಡೀ ಊರೇ ಹೋಗಿದೆ. ನಾನೇ ಮೂರು ಸಲ ಜನ ಬಿಟ್ಟು ಬಂದೆ."

ಮಯಂಬಾಲ ಖಾಲಿ ಜಗಲಿಯತ್ತ ನೋಡಿದ. ಮಾವ ಲುಟಾಯ ಮನೆಯಲ್ಲಿರುತ್ತೇನೆಂದು ಹೇಳಿದ್ದರು. ಅವರು ಟೀವಿಯ ಮುಂದೆ ಕೂತು ಸಿಗ್ನಲ್ ಎಷ್ಟೆಂದು ಕೂಗಬೇಕು, ಇವನು ಹೊರಗೆ ಡಿಶ್ ತಿರುಗಿಸಬೇಕು, ಲೆಕ್ಕಾಚಾರ ಇದ್ದದ್ದು ಹಾಗೆ. ಅದೇ ಭರವಸೆಯ ಮೇಲೆ ಸಿಗ್ನಲ್ ಅಳೆಯುವ ಮೀಟರನ್ನು ಕಂಪಾಲಾದಲ್ಲಿ ಜೊತೆಗಾರನಿಗೇ ಬಿಟ್ಟು ಬಂದಿದ್ದ.

ನಾಳೆ ಬರುತ್ತೇನೆ ಎನ್ನುವ ಹಾಗೂ ಇರಲಿಲ್ಲ. ಅವನ ಹೆಂಡತಿ ನಬ್ಬೋಸ ಇವತ್ತು ಸಂಜೆ ಮೊದಲ ಸಲ ಟೀವಿಯಲ್ಲಿ ವಾರ್ತೆ ಓದುವವಳಿದ್ದಳು. ಬುಕಲಾಸ ಇರುವುದು ಎರಡು ಗುಡ್ಡಗಳ ನಡುವಿನ ಹಳ್ಳದಲ್ಲಿ. ಕೋಲಿನ ತುದಿಯ ಆಂಟೆನಾಕ್ಕೆ ಅಲ್ಲಿ ಮಳೆ ಸುರಿದಂಥ ಚುಕ್ಕೆ ಬಿಟ್ಟರೆ ಏನೂ ಸಿಗದು. "ಊರಿಗೆಲ್ಲ ಡಿಶ್ ಕಟ್ತೀಯ, ನಮ್ಮಮ್ಮನ ಮನೆಗೊಂದು ಕಟ್ಟೋಕೆ ನಿಂಗೆ ಪುರುಸೊತ್ತಿಲ್ಲ," ಎಂದು ವರ್ಷಗಟ್ಟಲೆ ಚುಚ್ಚುತ್ತಿದ್ದವಳು ಬೆಳಿಗ್ಗೆ ಮಾತ್ರ ಚುಚ್ಚಿರಲಿಲ್ಲ. ಸೀರೆಯಂಥ ಉದ್ದನೆಯ ಗೊಮೆಸಿಯ ನಡುಪಟ್ಟಿ ಬಿಗಿಯುತ್ತ, "ಅಮ್ಮ ನೋಡ್ತಾಳೆ ಅಂತ ಗೊತ್ತಿದ್ರೆ ನನ್ ಗಂಟಲು ನಡುಗಲ್ಲ. ಇಲ್ದಿದ್ರೆ ಗೋಡೆಗೆ ಓದಿದ ಹಾಗೆ," ಎಂದಿದ್ದಳು ಅಷ್ಟೆ. ಇವನು ಮಾತು ಕೊಟ್ಟು ಬಂದಿದ್ದ.

"ಮೇಕೆ," ಎಂದಿತು ಕಿಟಕಿಯ ಪರದೆಯ ಹಿಂದಿನಿಂದ ಒಂದು ದನಿ. "ಬಂದವರಿಗೆ ಹೇಳು. ಮನೇಲಿ ಗಂಡಸರು ಯಾರೂ ಇಲ್ಲ. ಮಂಡಿ ನೋವಿನ ಮುದುಕಿ ಒಬ್ಬಳೇ ಇದಾಳೆ. ಎಲ್ಲ ಸೌಖ್ಯನಾ ಅಂತ ಕೇಳು."

ಅತ್ತೆ ನಮ್ಯಾಲೊ.

ಅಲ್ಲಿಯ ಕಟ್ಟಳೆಯಂತೆ ಅತ್ತೆ ಅಳಿಯ ಮುಖಾಮುಖಿಯಾಗುವಂತಿಲ್ಲ, ಒಬ್ಬರನ್ನೊಬ್ಬರು ಮುಟ್ಟುವಂತಿಲ್ಲ. ಮುಟ್ಟಿದರೆ ಕೈ ನಡುಗುವ ರೋಗ ಬರುತ್ತದೆಂದು ಹುಟ್ಟಿದ ಮಕ್ಕಳಿಗೂ ಗೊತ್ತು. ಈಚೆಗೆ ಪೇಟೆಯವರು ನಾಲ್ಕು ಮಾರು ದೂರದಿಂದ ಮಾತಾಡುವುದುಂಟು. ನಮ್ಯಾಲೊ ಪೇಟೆಯವಳಲ್ಲ. ಅವಳ ಮನೆಯಲ್ಲಿ ಮಾತಿಗೂ ನಡುವೆ ಒಬ್ಬರು ಬೇಕು. ಮನುಷ್ಯರು ಸಿಗದಿದ್ದರೆ ಮೇಕೆಯಾದರೂ ಸರಿ.

ಮಯಂಬಾಲ ಡಿಶ್ಶನ್ನು ಕೆಳಗಿಳಿಸಿ, ಮೇಕೆಯ ಕಡೆ ತಿರುಗಿ ನಿಂತ. "ಮೇಕೆಯಮ್ಮ, ಅತ್ತೆಯವರಿಗೆ ಹೇಳು. ಎಲ್ಲ ಸೌಖ್ಯ. ಅವರು ಸೌಖ್ಯನಾ? ಮಂಡಿ ಹೇಗಿದೆ? ಕಾಫಿ ಹೇಗಾಯ್ತು?"

ಮೇಕೆಯ ಮೂಲಕ ಕುಶಲೋಪರಿ ಮುಗಿಯುವಷ್ಟರಲ್ಲಿ ಅವನ ಬೆವರು ಆರಿತ್ತು. ವಿಷಯವೆಲ್ಲ ಅವಳಿಗೆ ಗೊತ್ತಿತ್ತು. ಮಗಳನ್ನು ನೋಡಬೇಕೆಂದೇ ಅವಳು ಮಂಡಿಯ ನೆಪ ಹೇಳಿ ಮಣ್ಣಿಗೆ ಹೋಗದೆ ಉಳಿದದ್ದು. "ನೆಪ ಅನ್ನೋದು ಅವರಿಗೆ ಹೇಳ್ಬೇಡ ಮೇಕೆ," ಎಂದು ಅದನ್ನೂ ಅವಳು ಗಟ್ಟಿಯಾಗಿಯೇ ಹೇಳಿದಳು.

ಮನೆಯ ಮೇಲೆ ದೊಡ್ಡ ಹಲಸಿನ ಮರ ಕವಿದು, ಸೂರಿನಿಂದ ಆಕಾಶವೇ ಕಾಣುತ್ತಿರಲಿಲ್ಲ. ಮರವಿಲ್ಲದಿದ್ದರೂ ಅತ್ತೆಯ ತಲೆಯ ಮೇಲಿನ ಸೂರು ಹತ್ತುವ ಅಳಿಯ ಎಲ್ಲೂ ಇರಲಿಕ್ಕಿಲ್ಲ. ಕಾಫಿ ಒಣಹಾಕಿದ ಜಾಗದಾಚೆ, ಬಯಲಲ್ಲಿ ಅವನು ಗುಂಡಿ ತೋಡಿ ಕಬ್ಬಿಣದ ಪೈಪು ನಿಲ್ಲಿಸಿದ. ದಾರದ ತುದಿಗೊಂದು ನಟ್ಟು ಕಟ್ಟಿ ಪೈಪಿನ ಪಕ್ಕ ಇಳಿಬಿಟ್ಟು, ಸುತ್ತಲೂ ನೋಡಿ, ಕಲ್ಲು ತುಂಬಿ, ಮಣ್ಣು ದಮ್ಮಸ್ಸು ಮಾಡಿದ. ಕಂಬ ನೆಟ್ಟಗೆ ನಿಂತರೆ ಅರ್ಧ ಕೆಲಸ ಆದಂತೆ. ಆ ಸೀಮೆಯಲ್ಲಿ ಉಪಗ್ರಹ ಇರುವುದು ಹೆಚ್ಚು ಕಡಿಮೆ ನೆತ್ತಿಯ ಮೇಲೆ, ಒಂಚೂರು ಪೂರ್ವಕ್ಕೆ. ಡಿಶ್ಶು ಭಿಕ್ಷೆಗೆ ಒಡ್ಡಿದ ಅಂಗೈಯ ಹಾಗೆ ಆಕಾಶ ನೋಡುತ್ತ ಮಲಗಬೇಕು. ಒಂದು ಬೆರಳಿನ ದಪ್ಪ ಅತ್ತ ಇತ್ತ ಆದರೂ ಏನೂ ಸಿಗುವುದಿಲ್ಲ.

ಚೀಲದಲ್ಲಿದ್ದ ಡಿಶ್ಶಿನ ಬಾಕ್ಸು, ರಿಮೋಟು, ಕೇಬಲ್ಲಿನ ತುದಿ ಎಲ್ಲವನ್ನೂ ಪರದೆಯ ಕೆಳಗಿನಿಂದ ಒಳಗೆ ತೂರಿಸಿ, ದೂರ ಬಂದು ನಿಂತು, ಮೇಕೆಗೆ ಹೇಳಿದ. "ಬಾಕ್ಸಿನ ವಯರನ್ನ ಟೀವಿಗೆ ಚುಚ್ಚಿ, ಕೇಬಲ್ಲನ್ನ ಬಾಕ್ಸಿನ ಬೆನ್ನಿಗೆ ತಿರುಪಬೇಕು. ಆಮೇಲೆ ರಿಮೋಟಿನಲ್ಲಿ ಮೆನು ಒತ್ತಬೇಕು. ಎರಡು ಪಟ್ಟಿ ಬರ್ತವೆ. ಕೆಳಗಿನದು ಸಿಗ್ನಲ್ಲಿನ ಪಟ್ಟಿ, ಅದು ಎಷ್ಟು ಅಂತ ಹೇಳ್ತಾ ಇರ್ಬೇಕು."

ಒಳಗೆ ಕನ್ನಡಕದ ಡಬ್ಬಿ ಟಪ್ಪೆಂದಿತು. ಸ್ವಲ್ಪ ಹೊತ್ತಿನ ಮೇಲೆ, "ಮೇಕೆ, ಬಂದಿದೆ ಅಂತ ಹೇಳು. ಎರಡು ಪಟ್ಟಿ. ಬಲು ಅಂದವಾಗಿವೆ."

"ಕೆಳಗಿಂದು ಹೇಗಿದೆ?"

"ಚೆನ್ನಾಗಿದೆ ಅನ್ನು. ಅವರ ದುಡಿಮೆಗೆ ವಂದನೆ."

ಮಯಂಬಾಲ ಖುಷಿಯಾಗಿ ಇನ್ನೊಂದಿಷ್ಟು ತಿರುಗಿಸಿದ. "ಈಗ?"

"ಈಗಲೂ ಚೆನ್ನಾಗಿದೆ. ಬಿಸಿಲಲ್ಲಿ ದಣಿದಿದಾರೆ, ನೀರು ಕುಡೀಲಿ ಅನ್ನು. ಜಗಲಿ ಮೇಲೆ ಕೊಡ ಇದೆ."

ಇಷ್ಟು ಬೇಗ ಸಿಕ್ಕಿತಲ್ಲ ಎಂದು ಅವನಿಗೇ ಅಚ್ಚರಿ. ಬೋಲ್ಟುಗಳನ್ನು ಬಿಗಿದು, ಕೈ ಒರೆಸಿಕೊಂಡು, "ಹಾಗಾದ್ರೆ ಚಿತ್ರ ಬಂದಿರ್ಬೇಕು, ಮೆನುವಿಂದ ಆಚೆ ಬರೋಕೆ ಹೇಳು," ಎಂದ.

ಒಳಗೆ ರಿಮೋಟಿನ ಗುಂಡಿ ಟಿಕ್ಕೆಂದಿತು. "ಚಿತ್ರ ಅಂತ ಏನಿಲ್ಲ ಮೇಕೆ. ಆದ್ರೆ ಆ ನೀಲಿ ಬಣ್ಣ ಕಣ್ಣಿಗೆ ತಂಪಾಗಿದೆ ಅಂತ ಹೇಳು."

ಮಯಂಬಾಲ ಬೋಲ್ಟು ಸಡಿಲಿಸಿದ. ಈ ಸಲ ಅಂಕಿ ಕೇಳಿದ. ಅರವತ್ತು ಎಂದಳು. ಇಷ್ಟೇ ಇಷ್ಟು ಸರಿಸಿದ, ಎಪ್ಪತ್ತು. ಬೇಕೆಂದೇ ಡಿಶ್ಶನ್ನು ಹಲಸಿನ ಮರದತ್ತ ಪೂರ್ತಿ ತಿರುಗಿಸಿ ಕೇಳಿದ. ಎಂಬತ್ತು.

ಅಲ್ಲಿಗೆ ಅವನಿಗೆ ಅರ್ಥವಾಯಿತು. ಅಳಿಯ ಉಣ್ಣಲು ಕೂತಾಗ ಅವನ ಎಲೆಗೆ ಕೇಳದೆಯೇ ಇನ್ನೊಂದು ಉಂಡೆ ಬೀಳುತ್ತದಲ್ಲ, ಇದೂ ಹಾಗೆಯೇ. ಅಳಿಯನ ಕೆಲಸದಲ್ಲಿ ಕುಂದು ಹೇಳುವುದೆಂದರೆ ಮಗಳನ್ನು ಕೊಟ್ಟ ಮನೆಯ ಮಾನ ತೆಗೆದಂತೆ. ಪಟ್ಟಿ ಏನಾದರೂ ತೋರಿಸಲಿ, ಅವಳ ಬಾಯಲ್ಲಿ ಒಂದು ಹಿಡಿ ಜಾಸ್ತಿಯೇ ಬರುತ್ತದೆ.

"ನಿಜವಾದ ಅಂಕಿ ಬೇಕು ಅಂತ ಹೇಳು ಮೇಕೆಯಮ್ಮ. ಕಮ್ಮಿ ಇದ್ರೂ ನನಗೇನೂ ಬೇಜಾರಿಲ್ಲ."

"ಬೇಜಾರಾಗೋಂಥದ್ದು ಏನೂ ಇಲ್ಲ ಅಂತ ಹೇಳು. ಇಂಥ ಅಳಿಯ ಯಾರಿಗೆ ಸಿಗ್ತಾರೆ."

ಪರದೆ ಸರಿಸಿ, ನಾನೇ ನೋಡುತ್ತೇನೆ ಎನ್ನಲು ನಾಲಿಗೆ ಏಳಲಿಲ್ಲ. ನಬ್ಬೋಸಳ ಫೋನು ಸ್ವಿಚ್ ಆಫ್. ಮಾವನ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಸಾಲದ್ದಕ್ಕೆ ಮೇಕೆ ಗೂಟ ಕಿತ್ತುಕೊಂಡು ಬಾಳೆತೋಟಕ್ಕೆ ನುಗ್ಗಿತು. ಅದು ಹೋದದ್ದೇ ಒಳಗಿನ ಮಾತೂ ನಿಂತುಹೋಯಿತು. ಇವನು ಕೆಮ್ಮಿದ, ಗಂಟಲು ಸರಿಮಾಡಿಕೊಂಡ. ಕೊನೆಗೆ ಸ್ಪ್ಯಾನರು ಬಿಸಾಕಿ, ತೋಟದಲ್ಲಿ ಅದರ ಹಿಂದೆ ಓಡಿ, ಎಳೆಯ ಬಾಳೆಸುಳಿಯ ಸಮೇತ ಅದನ್ನು ದರದರ ಎಳೆದು ತಂದು ಕಟ್ಟಿದ.

"ಬಂದ್ಯಾ," ಎಂದಿತು ಪರದೆ. "ನೀನಿಲ್ದೆ ಬಲು ಕಷ್ಟವಾಯ್ತು."

ಹೊತ್ತು ಇಳಿಯುತ್ತಿತ್ತು. ಬಾಳೆಯ ನೆರಳು ಕಾಫಿಯ ಮೇಲೆ ಉದ್ದಕ್ಕೆ ಬಿದ್ದಿತ್ತು. ಮಯಂಬಾಲ ಡಿಶ್ಶಿನ ಅಂಚು ಹಿಡಿದು ಕುಕ್ಕರಗಾಲಲ್ಲಿ ಕೂತ. ಆ ಅಂಗಳದಲ್ಲಿ ನಮ್ಯಾಲೊ ಬೈಯಬಾರದವನು ಇವನೊಬ್ಬನೇ. ಉಳಿದವರೆಲ್ಲ, ಮಾವನೂ ಸೇರಿ, ಅವಳ ಬಾಯಿಗೆ ಬಿದ್ದು ಎದ್ದವರೇ. ಮದುವೆಗೆ ಮುಂಚೆ ನಬ್ಬೋಸ ಹೇಳುತ್ತಿದ್ದಳು, ಅಮ್ಮ ಕಾಫಿ ಕೊಯ್ಯುವವರನ್ನು ಬೈಯೋಕೆ ಶುರುಮಾಡಿದರೆ ದಾರಿಹೋಕರು ಸೈಕಲ್ ನಿಲ್ಲಿಸಿ ಕೇಳ್ತಾರೆ ಎಂದು.

ಅವನು ಎದ್ದು ನಿಂತ.

"ಮೇಕೆಯಮ್ಮ, ಅತ್ತೆಯವರಿಗೆ ಒಂದು ಮಾತು ಹೇಳು. ಕೆಲಸ ನಂದಲ್ಲ, ನಾನು ಬರೀ ಹಿಡ್ಕೊಂಡು ನಿಂತಿರೋನು. ಸಿಗ್ನಲ್ ಹಿಡೀಬೇಕಾದ್ದು ಈ ಡಿಶ್ಶು. ಪೇಟೆಯಿಂದ ಬಂದಿದೆ, ಸೋಮಾರಿ, ಇದಕ್ಕೆ ಹೆದರಿಕೆನೇ ಇಲ್ಲ. ದೊಡ್ಡವರು ಯಾರಾದ್ರೂ ನಾಲ್ಕು ಮಾತು ಆಡಿದ್ರೆ ದಾರಿಗೆ ಬರಬಹುದು."

ಒಳಗೆ ಕುರ್ಚಿ ಕಿರ್ರೆಂದಿತು.

"ಡಿಶ್ಶಿಗಾ?" ಎಂದಿತು ದನಿ, ಮೇಕೆಯನ್ನು ಮರೆತು.

"ಪಟ್ಟಿ ಇಳಿದಾಗ ಬೈಯೋದು, ಏರಿದಾಗ ಬಿಡೋದು," ಎಂದ ಮಯಂಬಾಲ, ಮೇಕೆಗೆ.

ಆಮೇಲೆ ಮೆಲ್ಲಗೆ, ಬಾಯಿ ರುಚಿ ನೋಡಿಕೊಳ್ಳುವವರ ಹಾಗೆ ಶುರುವಾಯಿತು. "ಏ ಡಿಶ್ಶೇ. ನಾಚ್ಕೆ ಆಗಲ್ವೇನೋ ನಿಂಗೆ? ಮಧ್ಯಾಹ್ನದಿಂದ ನಮ್ಮ ಅಂಗಳದಲ್ಲಿ ಮೈಚೆಲ್ಲಿ ಬಿದ್ದಿದೀಯ, ನಮ್ಮ ಮೈದುನ ಹೆಂಡ ಕುಡಿದು ಬಿದ್ದಿರ್ತಾನಲ್ಲ, ಹಂಗೆ. ಅಷ್ಟಗಲ ಆಕಾಶ ಇದೆ, ನಿಂಗೆ ಒಂದು ಚಿತ್ರ ಸಿಗಲ್ವಾ? ಹನ್ನೆರಡು. ಹನ್ನೆರಡಂತೆ. ನನ್ನ ಕೋಳಿ ತಂತಿ ಮೇಲೆ ಕೂತ್ರೆ ಅದು ಇಪ್ಪತ್ತು ತರುತ್ತೆ."

ಹನ್ನೆರಡು. ಮೊದಲ ನಿಜ ಅಂಕಿ. ಮಯಂಬಾಲ ತುಟಿ ಕಚ್ಚಿ ಪೂರ್ವಕ್ಕೆ ಒಂದು ಕೂದಲೆಳೆ ಸರಿಸಿದ.

"ಹ್ಞಾ. ಈಗ ಕಣ್ ಬಿಟ್ಟೆ ನೋಡು. ಮೂವತ್ತು. ನಿಂಗೂ ಅಪ್ಪ ಅಮ್ಮ ಇದಾರೆ ಅಂತ ಆಯ್ತು. ಇನ್ನೂ ಹೋಗು, ಹೋಗು. ಥೂ, ಮತ್ತೆ ಅದೇ ಬುದ್ಧಿ. ಬಂದ ದಾರಿ ಬಿಟ್ಟು ಎಲ್ಲಿಗೋ ಹೊರಟ್ಯಲ್ಲ, ಹಿಂದಕ್ಕೆ ಬಾರೋ ಬೇವಾರ್ಸಿ."

ಹಿಂದಕ್ಕೆ ಬಂದ. ದನಿ ಏರಿದರೆ ತಪ್ಪು, ಇಳಿದರೆ ಸರಿ. ಅಷ್ಟು ಖಚಿತವಾದ ಮೀಟರು ಅವನ ಅಂಗಡಿಯಲ್ಲೂ ಇರಲಿಲ್ಲ. ಡಿಶ್ಶಿನ ತೋಳಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ, ಮೂತಿಯಂಥ ಎಲ್‌ಎನ್‌ಬಿಯನ್ನು ಒಂಚೂರು ತಿರುಚಿದಾಗ ಅವಳು, "ಅಯ್ಯೋ, ಕತ್ತು ಯಾಕೆ ಸೊಟ್ಟ ಮಾಡ್ತೀಯ, ನೆಟ್ಟಗೆ ನೋಡು," ಎಂದಳು. ಇವನು ನಗು ತಡೆಯಲಾರದೆ ಪೈಪಿಗೆ ಹಣೆ ಒತ್ತಿ ನಿಂತ.

"ಐವತ್ತು. ಅಷ್ಟಕ್ಕೇ ಉಬ್ಬಬೇಡ." ಅವಳ ದನಿ ಈಗ ಕಳೆಗಟ್ಟಿತ್ತು. "ಎರಡು ಕ್ರಿಸ್ಮಸ್ ಹೋಯ್ತು, ಈ ಅಂಗಳ ತುಳಿದಿದೀಯಾ ನೀನು? ಎಲ್ಲಿ ನಿಮ್ಮ ಡಿಶ್ಶು ಅಂತ ಊರೋರು ಕೇಳಿದ್ರೆ ನಾನೇನು ಹೇಳ್ಲಿ? ಕೆಲಸ, ಕೆಲಸ. ಕಂಪಾಲಾದ ಮನೆ ಮನೆ ಸೂರು ಹತ್ತೋಕೆ ಆಗುತ್ತೆ, ಇಲ್ಲಿಗೆ ಬರೋಕೆ ಕಾಲು ಬರಲ್ಲ. ನನ್ ಮಗಳು ಫೋನಲ್ಲಿ ಚೆನ್ನಾಗಿದೀನಿ ಅಂತಾಳೆ. ಚೆನ್ನಾಗಿರೋರು ಬಂದು ಮುಖ ತೋರಿಸ್ತಾರೆ. ಹುಂಜ ಸಾಕಿಟ್ಟೆ ನಿಂಗೆ ಅಂತ. ಮುದಿಯಾಗಿ ಸತ್ತೇ ಹೋಯ್ತು."

ಮಯಂಬಾಲನ ಕೈಯಲ್ಲಿ ಸ್ಪ್ಯಾನರು ನಿಂತಿತು. ಹುಂಜ ಕೊಯ್ಯುವುದು ಅಳಿಯನಿಗೆ. ಡಿಶ್ಶಿಗೆ ಯಾರೂ ಹುಂಜ ಸಾಕುವುದಿಲ್ಲ.

ಅವನ ನಗು ಇಳಿದಿತ್ತು. ಡಿಶ್ಶಿನ ಬೆನ್ನಿಗೆ ಕೈಯಿಟ್ಟು, ಒಳಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದ. "ಕೇಳಿಸ್ಕೊಂಡ್ಯಾ ಡಿಶ್ಶೇ? ಅವರು ಹೇಳಿದ್ರಲ್ಲಿ ಒಂದೂ ಸುಳ್ಳಿಲ್ಲ. ಈ ಸಲ ಹಬ್ಬಕ್ಕೆ ನೀನು ಇಲ್ಲಿರ್ಬೇಕು. ಒಬ್ಬನೇ ಅಲ್ಲ, ನಬ್ಬೋಸನ್ನೂ ಕರ್ಕೊಂಡು. ಹುಂಜ ಇರಲಿ ಇಲ್ದಿರಲಿ."

ಹಾಗೆನ್ನುತ್ತ, ಅಂಚನ್ನು ಉಗುರಿನಷ್ಟು ಎತ್ತಿದ.

ಬೈಗುಳ ಬರಲಿಲ್ಲ. ಹೊಗಳಿಕೆಯೂ ಬರಲಿಲ್ಲ. ಅವನು ಡಿಶ್ಶನ್ನು ಹಾಗೇ ಹಿಡಿದು ನಿಂತ.

"ಚಿತ್ರ ಬಂತು," ಎಂದಳು ನಮ್ಯಾಲೊ.

ಮೇಕೆಯ ಹೆಸರಿರಲಿಲ್ಲ, ಡಿಶ್ಶಿನ ಹೆಸರಿರಲಿಲ್ಲ. ನೇರ ಅವನಿಗೇ. ಅವನು ಕೇಳಿಸಿಯೂ ಕೇಳಿಸದವನ ಹಾಗೆ ಬೋಲ್ಟುಗಳನ್ನು ಬಿಗಿಯತೊಡಗಿದ, ಒಂದನ್ನು ಕಾಲು ಸುತ್ತು, ಅದರ ಎದುರಿನದನ್ನು ಕಾಲು ಸುತ್ತು. ಒಂದೇ ಕಡೆಯಿಂದ ಬಿಗಿದರೆ ಕೊನೆಯ ಸುತ್ತಿನಲ್ಲಿ ಡಿಶ್ಶು ಜಗ್ಗಿ ಎಲ್ಲ ಹಾಳಾಗುತ್ತದೆ. ಒಳಗೆ ಯಾವುದೋ ಸೋಪಿನ ಜಾಹೀರಾತು ಕುಣಿಯುತ್ತಿತ್ತು. ಅಷ್ಟು ಇಂಪಾದ ಸೋಪಿನ ಹಾಡನ್ನು ಅವನು ಕೇಳಿರಲಿಲ್ಲ.

ಕತ್ತಲು ಕವಿಯುವ ಮುಂಚೆ ಡೋಲಿನ ಸದ್ದಿನೊಡನೆ ವಾರ್ತೆ ಶುರುವಾಯಿತು. ಮಯಂಬಾಲ ಜಗಲಿಯ ತುದಿಯಲ್ಲಿ ಕೂತು ಕೊಡದಿಂದ ನೀರು ಬಗ್ಗಿಸಿಕೊಳ್ಳುತ್ತಿದ್ದವನು ಹಾಗೇ ತಡೆದ. ನಬ್ಬೋಸಳ ದನಿ. ನೋಡುಗರೆಲ್ಲರಿಗೂ ನಮಸ್ಕಾರ ಎಂದಳು. ಗಂಟಲು ನಡುಗಲಿಲ್ಲ.

"ನಮಸ್ಕಾರ ಮಗಳೇ," ಎಂದಳು ತಾಯಿ ಒಳಗೆ. "ಮನೇಲೆಲ್ಲ ಹೇಗಿದಾರೆ? ಊಟ ಮಾಡಿದ್ಯಾ? ದುಡಿಮೆಗೆ ವಂದನೆ. ಮಳೆ ಬಂತಾ ಆ ಕಡೆ? ನಿಲ್ಲೇ, ನಾನಿನ್ನೂ ಮುಗಿಸಿಲ್ಲ."

ನಬ್ಬೋಸ ನಿಲ್ಲದೆ ಮಸಾಕಾ ರಸ್ತೆಯ ಸೇತುವೆಯ ವಿಚಾರಕ್ಕೆ ಹೋಗಿಬಿಟ್ಟಿದ್ದಳು.

ಕಿಟಕಿಯ ಪರದೆ ಒಂದು ಗೇಣು ಸರಿಯಿತು. ಸರಿಸಿದ ಕೈ ಕಾಣಲಿಲ್ಲ. ಒಳಗೆ ಮೇಜು ಎಳೆದ ಸದ್ದಾಗಿ, ಸಂದಿಯಲ್ಲಿ ಟೀವಿಯ ಅರ್ಧ ಕಾಣಿಸಿತು. ಅದರಲ್ಲಿ ಅರ್ಧ ನಬ್ಬೋಸ, ಒಂದು ಕಿವಿಯೋಲೆ, ಗೊಮೆಸಿಯ ಒಂದು ಚೂಪು ಭುಜ, ಹಾಳೆ ಹಿಡಿದ ಒಂದು ಕೈ. ಇನ್ನರ್ಧ ಪರದೆಯ ಆ ಬದಿಯವಳ ಪಾಲು. ಮಯಂಬಾಲ ನೀರಿನ ಲೋಟವನ್ನು ಮೊಣಕಾಲ ಮೇಲಿಟ್ಟುಕೊಂಡು ತನ್ನ ಅರ್ಧವನ್ನು ನೋಡಿದ.

"ಕತ್ತು ಸಣ್ಣಗಾಗಿದೆ," ಎಂದಳು ನಮ್ಯಾಲೊ ಟೀವಿಗೆ. "ನಬ್ಬೋಸ, ನಿನ್ನ ಗಂಡ ಹೊರಗೆ ಕೂತಿದಾರೆ. ಒಲೆ ಮೇಲೆ ಬಾಳೆಕಾಯಿ ಬೇಯ್ತಿದೆ, ಕಡಲೆಬೀಜದ ಗೊಜ್ಜು ಆಗಿದೆ. ಉಣ್ದೆ ಹೊರಡೋ ಹಾಗಿಲ್ಲ ಅಂತ ಹೇಳು. ಮೊದ್ಲು ಆ ಸೇತುವೆ ಮುಗಿಸು, ಆಮೇಲೆ ಹೇಳು."

ನಬ್ಬೋಸ ಸೇತುವೆ ಮುಗಿಸಿ, ಹಾಳೆ ತಿರುವಿ, ಕಣ್ಣೆತ್ತಿ ನೋಡಿದಳು.

"ಆಯ್ತು," ಎಂದ ಮಯಂಬಾಲ ಅವಳಿಗೆ.