ಸೈಕಲ್ ಮಾದು ಕೆಳಗಿಳಿದದ್ದು

ಸೈಕಲ್ ಹತ್ತಿ ಇಳಿಯದೇ ಇರುವುದೂ ಒಂದು ಕಸುಬು ಅಂದರೆ ಈಗಿನವರು ನಗುತ್ತಾರೆ. ನಗಲಿ ಬಿಡಿ. ಚಾಮರಾಜನಗರದ ಕಡೆ ಪುಟ್ಟಮಾದು ಅಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸೈಕಲ್ ಮಾದು ಅಂದರೆ ಎಮ್ಮೆ ಮೇಯಿಸುವವರಿಂದ ಹಿಡಿದು ತಾಲ್ಲೂಕು ಕಚೇರಿಯ ಜವಾನನವರೆಗೆ ಎಲ್ಲರಿಗೂ ಗೊತ್ತಿತ್ತು. ಊರ ಬಯಲಲ್ಲಿ ಒಂದು ಕಂಬ ನೆಟ್ಟು, ಅದಕ್ಕೆ ಟ್ಯೂಬ್‌ಲೈಟು, ಬಣ್ಣದ ಕಾಗದ, ಮೈಕು ಕಟ್ಟಿ, ಅದರ ಸುತ್ತ ಐದು ದಿನ ಸೈಕಲ್ ತುಳಿಯುವುದು. ಊಟ ಸೈಕಲ್ ಮೇಲೆ, ಸ್ನಾನ ಸೈಕಲ್ ಮೇಲೆ, ಗಡ್ಡ ಹೆರೆಯುವುದೂ ಸೈಕಲ್ ಮೇಲೆ. ನಿದ್ದೆ ತಡೆಯಲಾರದೆ ಹೋದರೆ ಸೀಟಿನ ಮೇಲೇ ಕೂತು ಕಂಬವನ್ನು ತಬ್ಬಿಕೊಂಡು ಒಂದು ತೂಕಡಿಕೆ. ಮತ್ತೆ ಅದಕ್ಕೆ ಏನು ಮಾಡುತ್ತಿದ್ದ ಅಂತ ನೀವು ಕೇಳಿಯೇ ಕೇಳುತ್ತೀರಿ, ಎಲ್ಲರೂ ಕೇಳುತ್ತಿದ್ದರು. ಮೂಲೆಯಲ್ಲಿ ಗೋಣಿತಾಟಿನ ಮರೆ ಇತ್ತು, ಸೈಕಲ್ ಸಮೇತ ಒಳಗೆ ಹೋಗುತ್ತಿದ್ದ, ಅಷ್ಟು ಸಾಕು. ನಿಯಮ ಒಂದೇ: ಕಾಲು ನೆಲಕ್ಕೆ ತಾಗಬಾರದು. ತಾಗಿತೋ, ಆಟವೂ ಮುಗಿಯಿತು, ಹೆಸರೂ ಹೋಯಿತು.

ಇದು ತೊಂಬತ್ತರ ದಶಕದ ನಡುವಿನ ಮಾತು. ಮಾದುವಿಗೆ ಆಗ ಐವತ್ತು ದಾಟಿತ್ತು. ಎಡಗಾಲಿನ ಮಂಡಿ ಕೆಟ್ಟಿತ್ತು. ಪೆಡಲು ಮೇಲೆ ಬಂದಾಗಲೆಲ್ಲ ಒಳಗೆ ಏನೋ ಸಿಕ್ಕಿಕೊಂಡಂತಾಗಿ ಜೀವ ಹೋದಷ್ಟು ನೋವು. ಜನರಿಗೂ ಮೊದಲಿನ ಹುಚ್ಚು ಉಳಿದಿರಲಿಲ್ಲ, ಬೀದಿ ಬೀದಿಗೆ ಟೀವಿ ಬಂದು ಕೂತಿತ್ತು. ಹಿಂದೆ ಅವನು ಓಡುವ ಸೈಕಲ್ಲಿನಿಂದ ಬಗ್ಗಿ ನೆಲದ ಮೇಲಿನ ಕರ್ಚೀಫನ್ನು ಬಾಯಲ್ಲಿ ಕಚ್ಚಿ ಎತ್ತಿದರೆ ಹೆಂಗಸರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಈಗ ಕಾಲೇಜು ಹುಡುಗರು ಕಡಲೆಕಾಯಿ ಸುಲಿಯುತ್ತ, "ತಾತ, ಜ್ವಾಪಾನ!" ಅನ್ನುತ್ತಿದ್ದರು. ಆ 'ತಾತ' ಅನ್ನುವ ಮಾತು ಮಂಡಿಗಿಂತ ಹೆಚ್ಚು ನೋಯುತ್ತಿತ್ತು.

ಹೆಂಡತಿ ಮಲ್ಲಿಗಮ್ಮ ಚಾಮರಾಜನಗರದ ಒಂದು ಕಲ್ಯಾಣಮಂಟಪದಲ್ಲಿ ಕಸ ಗುಡಿಸುತ್ತಿದ್ದಳು. ಅಲ್ಲಿಯ ಮ್ಯಾನೇಜರಿಗೆ ಹೇಳಿ ಗಂಡನಿಗೊಂದು ವಾಚ್‌ಮನ್ ಕೆಲಸ ಗೊತ್ತು ಮಾಡಿಟ್ಟಿದ್ದಳು.

"ಕುರ್ಚಿ ಹಾಕ್ಕೊಡ್ತಾರ ಕಣ. ಗೇಟ್ ತವ ಕೂತ್ಕೊಳದು, ಬಂದೋರ್ಗ ಕೈ ಮುಗಿಯದು. ಅಷ್ಟೆಯ."

"ಕುರ್ಚಿ ಮ್ಯಾಲ ಕೂತ್ಕೊಳಕ ನಾನೇನ್ ಮದುವ ಗಂಡಾ?"

"ಗಂಡಲ್ಲ, ಮುದುಕ. ಮಂಡಿ ಮುರ್ಕೊಂಡು ಬಿದ್ರ ಎತ್ತಕ ನಾನೇ ಬರ್ಬೇಕು."

"ಗುಂಡ್ಲುಪೇಟದು ಒಂದ್ ಮುಗಿಸ್ಬುಟ್ಟು ಬತ್ತೀನಿ. ಆಮ್ಯಾಲ ಮಾತಾಡನ."

ಮಾತಿಗೆ ಹಾಗೆ ಅಂದನೇ ಹೊರತು ಒಳಗೆ ಅವನಿಗೆ ಎಲ್ಲ ತಿಳಿದಿತ್ತು. ಗುಂಡ್ಲುಪೇಟೆಯಲ್ಲಿ ಐದು ದಿನ ಪೂರೈಸಿದರೆ ಅವನು ಇನ್ನೂ ಸೈಕಲ್ ಮಾದು. ಕಾಲು ತಾಗಿದರೆ ಆ ಗೇಟು, ಆ ಕುರ್ಚಿ. ಆ ಕುರ್ಚಿಯ ನೆನಪು ಬಂದರೇ ಎದ್ದು ಹೋಗಿ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದ.

ಗುಂಡ್ಲುಪೇಟೆಯ ಸಂತೆ ಮೈದಾನ ಕೊಡಿಸಿದವರು ಈರುಳ್ಳಿ ಮಂಡಿಯ ಮರಿಮಲ್ಲಪ್ಪನವರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆಅಡಿಕೆ, ಮಾತು ಖಂಡಿತ. "ಐದ್ನೇ ದಿನ ನಾನೇ ಹಾರ ಹಾಕಿ ಇಳಿಸ್ತೀನಿ ಕಣ್ಲಾ ಮಾದು. ನಡುವ ಏನಾರ ಕಾಲಿಟ್ಯೋ, ಈ ಕಡೀಕ ತಲ ಹಾಕ್ಬೇಡ," ಅಂದಿದ್ದರು. ಮೈಕು ಹಿಡಿಯುವವನು ಮಾದುವಿನ ಭಾಮೈದ ನಿಂಗರಾಜು. ಅವನ ಬಾಯಿ ಒಂದು ಗಳಿಗೆ ಸುಮ್ಮನಿದ್ದರೆ ಮೈ ಹುಷಾರಿಲ್ಲ ಅಂತ ಅರ್ಥ. ಮೈದಾನದಲ್ಲಿ ನಾಲ್ಕು ನಾಯಿ ಇದ್ದರೂ ಸರಿ, "ಮಹಾಜನಗಳೇ!" ಅಂತಲೇ ಶುರು ಮಾಡುವ ಆಸಾಮಿ.

ನಾಲ್ಕನೇ ದಿನ ಮಧ್ಯಾಹ್ನ ಟೀವಿಯಲ್ಲಿ ಅದೇನೋ ದೊಡ್ಡ ಕ್ರಿಕೆಟ್ ಮ್ಯಾಚು. ಊರಿಗೆ ಊರೇ ಟೀವಿ ಇದ್ದ ಹೋಟೆಲು, ಅಂಗಡಿ, ಮನೆಗಳ ಮುಂದೆ ಹೋಗಿ ಬಿದ್ದಿತ್ತು. ಲಾರಿಯವರು ಲಾರಿಯನ್ನು ರಸ್ತೆಯಲ್ಲೇ ಬಿಟ್ಟು ಹೋಗಿದ್ದರು. ಕಡೆಗೆ ನಿಂಗರಾಜುವೂ, "ಬಾವ, ಸ್ಕೋರ್ ಎಷ್ಟಾಯ್ತು ಅಂತ ನೋಡ್ಕಂಡ್ ಓಡ್ಬತ್ತೀನಿ," ಅಂತ ಹೊರಟವನು ಪತ್ತೆ ಇಲ್ಲ.

ಇಡೀ ಮೈದಾನದಲ್ಲಿ ಮಾದು ಒಬ್ಬನೇ ಸುತ್ತುತ್ತಿದ್ದ. ನೋಡುವವರೇ ಇಲ್ಲದ ಮೇಲೆ ಯಾರಿಗಾಗಿ ಈ ತಿರುಗಾಟ ಅನ್ನಿಸಿ ಅವನಿಗೆ ಅಳು ಬಂದಂತಾಯಿತು. ಅಷ್ಟರಲ್ಲಿ ಮಂಡಿ ಸಿಕ್ಕಿಕೊಂಡಿತು. ಈ ಸಲ ಬಿಡಲೇ ಇಲ್ಲ. ಸೈಕಲ್ ವಾಲಿತು, ಎಡಗಾಲು ತಾನಾಗಿಯೇ ಹೋಗಿ ಮಣ್ಣಿನ ಮೇಲೆ ಊರಿತು.

ಅಯ್ಯೋ, ಆ ಸುಖವನ್ನು ಏನೆಂದು ಹೇಳಲಿ! ಬಿಸಿ ಮಣ್ಣು, ಅಲುಗಾಡದ ನೆಲ. ಆಮೇಲೆ ನಿಯಮ ನೆನಪಾಯಿತು. ಸುತ್ತ ನೋಡಿದ, ನರಪಿಳ್ಳೆ ಇಲ್ಲ. ಸರ್ರನೆ ಕಾಲೆತ್ತಿ ತುಳಿಯತೊಡಗಿದ. ಯಾರೂ ನೋಡಲಿಲ್ಲ ತಾನೇ, ಹಾಗಾದರೆ ತಾಗಿಲ್ಲ ಅಂತಲೇ ಲೆಕ್ಕ, ಎಂದು ತನಗೆ ತಾನೇ ಹೇಳಿಕೊಂಡ.

"ಕಾಲಿಟ್ರಲ್ಲ, ಅದು ಹೆಂಗೆ?"

ಹಿಂದಿನಿಂದ ಬಂತು ಹೆಣ್ಣು ದನಿ. ತಿರುಗಿ ನೋಡಿದರೆ ಬಿಳಿ ಸೀರೆ ಉಟ್ಟ, ತಲೆ ಅರ್ಧ ನರೆತ ಹೆಂಗಸೊಬ್ಬಳು ಲೇಡೀಸ್ ಸೈಕಲ್ ತುಳಿಯುತ್ತ ಅವನ ಸುತ್ತಿಗೇ ಬಂದು ಸೇರಿದ್ದಳು. ಕ್ಯಾರಿಯರಿನಲ್ಲಿ ಲಸಿಕೆಯ ಐಸ್ ಪೆಟ್ಟಿಗೆ. ಸುತ್ತಲ ಹಳ್ಳಿಗಳಲ್ಲಿ ಮಕ್ಕಳಿಗೆ ಚುಚ್ಚುಮದ್ದು ಹಾಕುವ, ಹೆರಿಗೆ ಮಾಡಿಸುವ ನರ್ಸಮ್ಮ ಮಹಾಲಕ್ಷ್ಮಮ್ಮ. ಅವಳ ಮುಖದ ಮೇಲೆ ಬೆವರು ಧಾರಾಕಾರ ಇಳಿಯುತ್ತಿತ್ತು.

"ಯಾರ್ಗೂ ಏಳ್ಬ್ಯಾಡಿ ನರ್ಸಮ್ಮೋರೇ, ನಿಮ್ ಕಾಲಿಗ್ ಬೀಳ್ತೀನಿ," ಅಂದ ಮಾದು.

"ಅಯ್ಯೋ, ನನ್ನ ಕಾಲು ಪೆಡಲ್ ಮೇಲಿದೆ, ಎಲ್ಲಿ ಬೀಳ್ತೀರಿ? ನಾನು ಯಾರಿಗೂ ಹೇಳಲ್ಲ. ನನ್ನ ಇಳಿಸಿ ಮೊದಲು! ನನಗೆ ಹತ್ತೋಕೆ ಬರುತ್ತೆ, ತುಳಿಯೋಕೆ ಬರುತ್ತೆ, ಇಳಿಯೋಕೆ ಬರಲ್ಲ!"

ಅವಳ ಕತೆ ಇಷ್ಟು. ಈ ವಯಸ್ಸಿನಲ್ಲಿ ಹಳ್ಳಿ ಸುತ್ತಲು ಆಗದು, ನಿಮ್ಮ ಜಾಗಕ್ಕೆ ಲೂನಾ ಓಡಿಸುವ ಹುಡುಗಿ ಬರುತ್ತಾಳೆ, ನೀವು ಒಳಗೆ ಕೂತು ಚೀಟಿ ಬರೆಯಿರಿ ಅಂತ ಮೇಲಿನವರು ಅಂದಿದ್ದರು. ತಾನು ಹೆರಿಗೆ ಮಾಡಿಸಿದ ಹುಡುಗಿಯರೇ ಈಗ ಬಸುರಿಯರಾಗಿ ದಾರಿ ಕಾಯುತ್ತಿರುವಾಗ ಒಳಗೆ ಕೂತು ಚೀಟಿ ಬರೆಯಬೇಕೆ? ಹಟ ಹಿಡಿದು ಸೈಕಲ್ ಕೊಂಡಳು. ಕಲಿಸಲು ಊರಿನವರೆಲ್ಲ ಬಂದರು. ಆದರೆ ನಿಲ್ಲಿಸುವುದು ಮಾತ್ರ ತಲೆಗೆ ಹತ್ತಲಿಲ್ಲ. ಬ್ರೇಕು ಹಿಡಿದರೂ ಕಾಲು ಪೆಡಲು ಬಿಡುತ್ತಿರಲಿಲ್ಲ, ನೆಲ ನೋಡಿದರೆ ಭಯ. ಹಾಗಾಗಿ ಹಳ್ಳಿ ಹತ್ತಿರ ಬಂದಾಗ "ಹಿಡ್ಕೊಳ್ರಪ್ಪೋ!" ಅಂತ ಕೂಗುವಳು, ಯಾರಾದರೂ ಓಡಿ ಬಂದು ಹಿಡಿದುಕೊಳ್ಳುವರು. ಯಾರೂ ಸಿಗದಿದ್ದರೆ ಯಾವುದಾದರೂ ಹುಲ್ಲಿನ ಮೆದೆಗೆ ಹೋಗಿ ನುಗ್ಗುವಳು. ನರ್ಸಮ್ಮ ಬಂದರೆ ಮೊದಲು ಮೆದೆ ಕೆದರುತ್ತದೆ, ಆಮೇಲೆ ಮಕ್ಕಳು ಅಳುತ್ತವೆ ಅಂತ ಹಳ್ಳಿಯವರು ನಗುತ್ತಿದ್ದರು. ಇವತ್ತು ಪೇಟೆಗೆ ಬಂದರೆ ಹಾಳು ಮ್ಯಾಚಿನ ದೆಸೆಯಿಂದ ರಸ್ತೆಯಲ್ಲಿ ಹಿಡಿಯಲು ಒಬ್ಬರೂ ಇಲ್ಲ. ಸುತ್ತಿ ಸುತ್ತಿ ಸಾಕಾಗಿ, ಮೈದಾನದಲ್ಲಿ ಒಬ್ಬ ಮನುಷ್ಯ ಕಂಡಿದ್ದಕ್ಕೆ ಒಳಗೆ ನುಗ್ಗಿದ್ದಳು.

"ಹತ್ತಿಸಿ ತಳ್ಳೋಕೆ ಊರೇ ಬಂತು ಮಾದಣ್ಣ. ಇಳಿಸೋಕೆ ಯಾರೂ ಬರಲಿಲ್ಲ," ಅಂದಳು ಮಹಾಲಕ್ಷ್ಮಮ್ಮ, ಏದುಸಿರು ಬಿಡುತ್ತ. ಮಾದುವಿಗೆ ಆ ಮಾತು ಎಲ್ಲೋ ಒಳಗೆ ಹೋಗಿ ನಾಟಿತು.

"ಬ್ರೇಕ್ ಮೆಲ್ಲಗ ಇಡ್ಕಳಿ. ನಿಂತೋಗ ಮುಂಚ ಸೀಟ್ ಬುಟ್ಟು ಮುಂದ್ಕ ಜಾರಿ, ಎಡಗಾಲು ಕೆಳಕ್ ಬುಡಿ."

"ಬಾಯಲ್ಲಿ ಹೇಳಿದ್ರೆ ಆಗಲ್ಲ. ಆಗಲೇ ಮಾಡಿದ್ರಲ್ಲ, ಇನ್ನೊಂದು ಸಲ ಮಾಡಿ. ನೋಡಿಕೊಂಡು ನಾನೂ ಮಾಡ್ತೀನಿ."

ಮಾಡಬಹುದಿತ್ತು, ಯಾರಿದ್ದರು ನೋಡಲು? ಸರಿಯಾಗಿ ಆ ಹೊತ್ತಿಗೇ ಕರೆಂಟು ಹೋಯಿತು.

ಊರಿನ ಟೀವಿಗಳೆಲ್ಲ ಒಟ್ಟಿಗೆ ಸತ್ತವು. ಹೋ ಅಂತ ಕೂಗಿಕೊಂಡು, ಕರೆಂಟಿನವರ ವಂಶಕ್ಕೆಲ್ಲ ಶಾಪ ಹಾಕಿಕೊಂಡು ಜನ ಬೀದಿಗೆ ಬಿದ್ದರು. ಮಾಡಲು ಬೇರೆ ಕೆಲಸವಿಲ್ಲದೆ ಮೈದಾನಕ್ಕೆ ಬಂದರು. ಬಂದು ನೋಡಿದರೆ ಸೈಕಲ್ ಮಾದುವಿನ ಹಿಂದೆ ನರ್ಸಮ್ಮ! ಶಿಳ್ಳೆಯೋ ಶಿಳ್ಳೆ. ನಿಂಗರಾಜು ಓಡಿ ಬಂದು ಬ್ಯಾಟರಿಗೆ ಮೈಕು ಸಿಕ್ಕಿಸಿದ. ಎಲ್ಲರಿಗಿಂತ ಮುಂದೆ ಮರಿಮಲ್ಲಪ್ಪನವರು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಮಾದಣ್ಣ, ಕಾಲು ಸೋತುಹೋಗ್ತಾ ಇದೆ," ಅಂದಳು ಮಹಾಲಕ್ಷ್ಮಮ್ಮ. "ಪೆಟ್ಟಿಗೆಯಲ್ಲಿ ಮಕ್ಕಳ ಮದ್ದಿದೆ."

ಯಾರಾದರೂ ಬಂದು ಹಿಡಿದುಕೊಳ್ಳಿ ಅಂತ ಮಾದು ಕೂಗಬಹುದಿತ್ತು. ಇಷ್ಟು ಜನರಿದ್ದರು, ಹಿಡಿಯುತ್ತಿದ್ದರು. ಇನ್ನೊಂದೇ ದಿನ ಕಳೆದರೆ ಹಾರ ಬೀಳುತ್ತಿತ್ತು, ಹೆಸರು ಉಳಿಯುತ್ತಿತ್ತು. ಆದರೆ ನಾಳೆ ಇವಳು ಮತ್ತೆ ಮೆದೆ ಹುಡುಕಬೇಕು. ಒಂದು ದಿನ ಮೆದೆಯೂ ಸಿಗದೆ ಬಿದ್ದು ಕಾಲು ಮುರಿದುಕೊಂಡರೆ, ನಾವು ಹೇಳಿರಲಿಲ್ಲವೇ ಅಂತ ಒಳಗೆ ಕೂರಿಸುತ್ತಾರೆ. ಕುರ್ಚಿಯ ಮೇಲೆ. ಮಾದುವಿಗೆ ಮೈ ಉರಿದುಹೋಯಿತು. ಥೂ, ಇಷ್ಟು ವರ್ಷ ಸೈಕಲ್ ತುಳಿದು, ಒಬ್ಬ ಹೆಂಗಸಿಗೆ ಇಳಿಯುವುದು ತೋರಿಸಲಾರದೆ ಹೋದರೆ ನನ್ನದೇನು ಸೈಕಲ್ಲು!

"ನರ್ಸಮ್ಮೋರೇ, ನನ್ ಕಾಲ್ ನೋಡ್ಕಳಿ!" ಅಂತ ಕೂಗಿದ. ಬ್ರೇಕು ಹಿಡಿದ, ಸೈಕಲ್ ನಿಧಾನವಾಯಿತು, ಸೀಟಿನಿಂದ ಮುಂದಕ್ಕೆ ಜಾರಿ, ಎಲ್ಲರ ಕಣ್ಣ ಮುಂದೆ ಎಡಗಾಲನ್ನು ನೆಲಕ್ಕೆ ಊರಿದ. ಆಮೇಲೆ ಬಲಗಾಲನ್ನೂ ಇಳಿಸಿ ನಿಂತ.

ಮೈದಾನ ಗಪ್‌ಚಿಪ್. ನಿಂಗರಾಜುವಿನ ಬಾಯಿಯೂ ಕಟ್ಟಿತು ಅಂದರೆ ನೀವೇ ತಿಳಿದುಕೊಳ್ಳಿ.

"ಈಗ ನೀವು! ನೆಲ ನೋಡ್ಬ್ಯಾಡಿ, ಮುಂದ ನೋಡಿ. ಮುಂದ!"

ಮಹಾಲಕ್ಷ್ಮಮ್ಮ ಹಲ್ಲು ಕಚ್ಚಿ ಬ್ರೇಕು ಹಿಡಿದಳು. ಸೈಕಲ್ ಅತ್ತ ಇತ್ತ ಓಲಾಡಿತು. ಸೀಟಿನಿಂದ ಜಾರಿದಳು, ಚಪ್ಪಲಿ ಕಳಚಿ ಎತ್ತಲೋ ಹಾರಿತು, ಬರಿಗಾಲು ದೊಪ್ಪನೆ ನೆಲಕ್ಕೆ ಬಿತ್ತು. ನಿಂತಳು. ಪೆಟ್ಟಿಗೆ ಅಲುಗಲಿಲ್ಲ. ಒಂದು ಕ್ಷಣ ತನ್ನ ಕಾಲನ್ನು ತಾನೇ ನಂಬದವಳಂತೆ ನೋಡಿಕೊಂಡು, ಜೋರಾಗಿ ನಕ್ಕುಬಿಟ್ಟಳು.

ನಿಂಗರಾಜುವಿಗೆ ಜೀವ ಬಂತು. "ಮಹಾಜನಗಳೇ! ಇದೀಗ ನೀವು ನೋಡಿದ್ದು ಸೈಕಲ್ಲಿನಿಂದ ಇಳಿಯುವ ಮಹಾಸಾಹಸ!" ಜನ ಚಪ್ಪಾಳೆ ತಟ್ಟಿದರು ನೋಡಿ, ಆ ನಾಲ್ಕು ದಿನದಲ್ಲಿ ಅಷ್ಟು ಚಪ್ಪಾಳೆ ಬಿದ್ದಿರಲಿಲ್ಲ. "ಇನ್ನೊಂದ್ ಸಲ ನರ್ಸಮ್ಮ!" ಅಂತ ಹೆಂಗಸರ ಕಡೆಯಿಂದ ಕೂಗು ಬಂತು.

ಮರಿಮಲ್ಲಪ್ಪನವರು ಹತ್ತಿರ ಬಂದರು. "ಏನ್ಲಾ ಮಾದು, ಇಳ್ದೇ ಬುಟ್ಟಲ್ಲ?"

"ಇಳ್ದೆ ಸಾವ್ಕಾರ್ರೇ. ನಿಜ ಏಳ್ಬೇಕು ಅಂದ್ರ, ಕಾಲು ಆಗ್ಲೇ ತಾಗ್ಬುಟ್ಟಿತ್ತು. ಆಗ ನೀವ್ಯಾರೂ ಇರ್ನಿಲ್ಲ. ಮಂಡಿ ಓಗ್ಬುಟ್ಟದ, ಇನ್ ಆಗಕಿಲ್ಲ."

ಹೇಳಿದ ಮೇಲೆ ಮಾದುವಿಗೆ ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು. ಇನ್ನು ಆಗದು ಅನ್ನುವುದು ಎಷ್ಟೋ ವರ್ಷಗಳಿಂದ ಯಾರಿಗೂ ಹೇಳದೆ ನುಂಗಿಕೊಂಡಿದ್ದ ಮಾತು. ಈಗ ಬೈದರೂ ಸರಿ, ಹೊಡೆದರೂ ಸರಿ ಅಂತ ತಲೆ ತಗ್ಗಿಸಿ ನಿಂತ.

ಸಾಹುಕಾರರು ಎಲೆಅಡಿಕೆ ಉಗಿದು ಬಂದು ಗಂಭೀರವಾಗಿ ಹೇಳಿದರು: "ಹಾರಕ್ಕ ಹೇಳ್ಬುಟ್ಟಿವ್ನಿ, ಅದ್ನೇನ್ ನನ್ ಎತ್ತಿಗ ಹಾಕ್ಲಾ? ನಾಳ ಬಾ. ನಮ್ ಸೊಸ ಶಿವರಂಜಿನಿ ಸೈಕಲ್ ತಗಂಡು, ಇಳಿಯಕ ಹೆದ್ರಿ ಬರೀ ತಳ್ಕಂಡ್ ತಿರುಗ್ತಾವ್ಳ. ಅವ್ಳಿಗೂ ಇಳಿಯದ್ನ ಹೇಳ್ಕೊಡು."

ಮಾರನೆಯ ದಿನ ಮಾದು ನೆಲದ ಮೇಲೆ ನಿಂತು ಹಾರ ಹಾಕಿಸಿಕೊಂಡ. ಕಂಬದ ಸುತ್ತ ಅಂಗನವಾಡಿ ಟೀಚರು ಮಂಗಳಗೌರಿ, ಸಾಹುಕಾರರ ಸೊಸೆ, ಮಹಾಲಕ್ಷ್ಮಮ್ಮ ಎಲ್ಲರೂ ಸುತ್ತುತ್ತಿದ್ದರು. ಅವನು ಮೂರು ದಿನ ಹೆಚ್ಚಿಗೆ ಉಳಿಯಬೇಕಾಯಿತು. ಹಾಗೆ ನೆಲದ ಮೇಲೆ ನಿಂತು ಸಂಪಾದಿಸಿದ್ದು ಅವನ ಬದುಕಿನಲ್ಲಿ ಅದೇ ಮೊದಲು.

ಮುಂದೆ ಮಹಾಲಕ್ಷ್ಮಮ್ಮ ಚಾಮರಾಜನಗರಕ್ಕೆ ಮೀಟಿಂಗಿಗೆ ಸೈಕಲ್ಲಿನಲ್ಲೇ ಹೋಗಿ, ಎಲ್ಲರೆದುರು ಠೀವಿಯಿಂದ ಇಳಿದು ನಿಂತಳಂತೆ. ಅದನ್ನು ನೋಡಿ ಉಳಿದ ನರ್ಸುಗಳು ಮಾದುವಿನ ಮನೆ ಹುಡುಕಿಕೊಂಡು ಬಂದರು. ಅವರ ಹಿಂದೆ ಟೀಚರುಗಳು ಬಂದರು. ಹೈಸ್ಕೂಲು ಬಯಲಿನಲ್ಲಿ ದಿನಾ ಬೆಳಿಗ್ಗೆ ಪಾಠ. 'ತಾತ' ಅನ್ನುವುದು ನಿಂತು, 'ಮೇಷ್ಟ್ರೇ' ಅನ್ನುವುದು ಶುರುವಾಯಿತು. ಅದನ್ನು ಕೇಳಿದಾಗಲೆಲ್ಲ ಮಾದು ಕೆಮ್ಮಿ ಬೇರೆ ಕಡೆ ನೋಡುತ್ತಿದ್ದ, ಅಷ್ಟು ಖುಷಿ ಅವನಿಗೆ.

ಒಂದು ಬೆಳಿಗ್ಗೆ ಮಲ್ಲಿಗಮ್ಮ ಕಲ್ಯಾಣಮಂಟಪದ ಹಳೆಯ ಕುರ್ಚಿಯೊಂದನ್ನು ತಲೆಯ ಮೇಲೆ ಹೊತ್ತುಕೊಂಡು ಬಯಲಿಗೆ ಬಂದಳು.

"ಮ್ಯಾನೇಜ್ರು ಕೊಟ್ರು. ಕೂತ್ಕತೀಯೋ, ಮದುವ ಗಂಡಲ್ಲ ಅಂತೀಯೋ?"

ಮಾದು ಕುರ್ಚಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಹುಣಿಸೆ ಮರದ ನೆರಳಿಗೆ ಎಳೆದುಕೊಂಡು ಕೂತ, ಮಂಡಿ ನೀಡಿದ. "ಅಬ್ಬಾ," ಅಂದ. ಅಷ್ಟರಲ್ಲಿ ಹೊಸದಾಗಿ ಸೇರಿದ್ದ ದಪ್ಪ ಟೀಚರೊಬ್ಬರು ಹ್ಯಾಂಡಲ್ ಬಿಗಿಹಿಡಿದು, ಚಕ್ರದ ಕೆಳಗೇ ದೃಷ್ಟಿ ನೆಟ್ಟು, ಅಳುಮೋರೆ ಮಾಡಿಕೊಂಡು ಎದುರಿಗೆ ಬರುತ್ತಿದ್ದರು. ಮಾದು ಕೂತಲ್ಲಿಂದಲೇ ಕೂಗಿದ:

"ನೆಲ ನೋಡ್ಬ್ಯಾಡಿ ಕಣವ್ವ, ಮುಂದ ನೋಡಿ! ನೆಲ ಎಲ್ಗೂ ಓಗಕಿಲ್ಲ!"